ವಿಂಜರ್ಲಾದ ಹುಡುಗರು

ಎನ್‌ಎಸ್‌ಯು ಅಂದರೆ ಜರ್ಮನಿಯ ಒಂದು ಭೂಗತ ನವ-ನಾಜಿ ಗುಂಪು. ಅದರ ಪ್ರಕರಣ ಅಂದರೆ ಹತ್ತು ಕೊಲೆ, ಬಾಂಬು, ಬ್ಯಾಂಕ್ ದರೋಡೆ, ಹರಿದು ಹಾಕಿದ ಕಡತಗಳು, ಮ್ಯೂನಿಕ್‌ನಲ್ಲಿ ಐದು ವರ್ಷ ನಡೆದ ವಿಚಾರಣೆ. ಎಲ್ಲಿಂದ ಓದಿದರೂ ಗೋಜಲು. ಹಿಂದೆ ಪೂರ್ವ ಜರ್ಮನಿಯಲ್ಲಿದ್ದ ಯೇನಾ ಊರಿನ ಅಂಚಿನಲ್ಲಿರುವ ವಿಂಜರ್ಲಾ ಬಡಾವಣೆಯಿಂದ ಶುರು ಮಾಡಿದರೆ ಸ್ವಲ್ಪ ಎಳೆ ಸಿಗುತ್ತದೆ.

1989ರಲ್ಲಿ ಬರ್ಲಿನ್ ಗೋಡೆ ಬಿತ್ತು, ಮರುವರ್ಷ ಎರಡು ಜರ್ಮನಿ ಒಂದಾದವು, ಊರಿಗೆ ಅನ್ನ ಹಾಕುತ್ತಿದ್ದ ಝೈಸ್ ಲೆನ್ಸ್ ಕಾರ್ಖಾನೆಯಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಾಂಕ್ರೀಟ್ ಕಟ್ಟಡಗಳ ನಡುವೆ ಬೋಳು ತಲೆ, ಬಾಂಬರ್ ಜಾಕೆಟ್, ದಪ್ಪ ಬೂಟಿನ ಹುಡುಗರು ಕಾಣಿಸತೊಡಗಿದರು. ವಿದೇಶಿಯರು, ಪಂಕ್ ಹುಡುಗರು ಸಿಕ್ಕರೆ ಹೊಡೆತ. ಆ ಕಾಲವನ್ನು ಈಗ 'ಬೇಸ್‌ಬಾಲ್ ಬ್ಯಾಟಿನ ವರ್ಷಗಳು' ಅನ್ನುತ್ತಾರೆ (ಆ ಆಟ ಆಡುವವರೇ ಅಲ್ಲಿ ಕಡಿಮೆ). 1992ರಲ್ಲಿ ರೋಸ್ಟಾಕ್‌ನ ಹೊರವಲಯದಲ್ಲಿ ನೂರಕ್ಕೂ ಹೆಚ್ಚು ವಿಯೆಟ್ನಾಂ ಜನ ಒಳಗಿದ್ದ ಕಟ್ಟಡಕ್ಕೆ ಬೆಂಕಿ ಇಟ್ಟಾಗ ನೆರೆಹೊರೆಯವರು ನಿಂತು ಚಪ್ಪಾಳೆ ತಟ್ಟಿದರು. ಮರುವರ್ಷ ವಿದೇಶಿ ನಿರಾಶ್ರಿತರಿಗೆ ಆಶ್ರಯ ಕೊಡುವ ಕಾನೂನೇ ಬಿಗಿಯಾಯಿತು. ಇದನ್ನು ನೋಡಿದ ಹುಡುಗರಿಗೆ ಏನನ್ನಿಸಿರಬಹುದು?

ಹಾಗಂತ ಎಲ್ಲವನ್ನೂ ನಿರುದ್ಯೋಗದ ಮೇಲೆ ಹಾಕೋಕಾಗಲ್ಲ. ಮುಂದೆ ಭೂಗತರಾಗಿ ಎನ್‌ಎಸ್‌ಯು ಕಟ್ಟಿದ ಮೂವರಲ್ಲಿ ಒಬ್ಬನ ತಂದೆ ಪ್ರೊಫೆಸರ್, ಇನ್ನೊಬ್ಬನ ತಾಯಿ ಟೀಚರ್. ಮೂವರೂ ಬಡಾವಣೆಯ ಯುವಕರ ಕ್ಲಬ್ಬಿಗೆ ಹೋಗುತ್ತಿದ್ದವರು. ಇಂಥವರನ್ನು ಹೊರಗೆ ತಳ್ಳಬೇಡಿ, ಒಳಗೆ ಕೂರಿಸಿಕೊಂಡರೆ ತಾವಾಗಿಯೇ ಸರಿಹೋಗುತ್ತಾರೆ ಅನ್ನೋದು ಆಗಿನ ಸಮಾಜಸೇವೆಯ ನಂಬಿಕೆ. ಉದ್ದೇಶ ಒಳ್ಳೆಯದೇ, ಆದರೆ ಹೊಡೆತ ತಿಂದ ಹುಡುಗರು ಎಲ್ಲಿಗೆ ಹೋಗಬೇಕು ಅಂತ ಜಾಸ್ತಿ ಯಾರೂ ಕೇಳಿದಂತಿಲ್ಲ. ಅವರು ಸೇರಿದ ನಾಜಿ ಗುಂಪಿನ ಮುಂದಾಳೊಬ್ಬ ಗುಪ್ತಚರ ಇಲಾಖೆಯಿಂದ ದುಡ್ಡು ಪಡೆಯುತ್ತಿದ್ದ ಮಾಹಿತಿದಾರ ಬೇರೆ.

1998ರ ಜನವರಿ 26. ಪೊಲೀಸರು ಈ ಮೂವರ ಗ್ಯಾರೇಜ್ ಜಾಲಾಡಲು ಬಂದರು. ಹುಡುಕಾಟ ಮುಗಿಯುವ ಮೊದಲೇ ಅವರಲ್ಲೊಬ್ಬ ತನ್ನ ಕಾರು ಹತ್ತಿ ಹೊರಟುಹೋದ. ತಡೆಯಲು ಕೈಯಲ್ಲಿ ವಾರಂಟ್ ಇರಲಿಲ್ಲ. ಒಳಗೆ ಸಿಕ್ಕಿದ್ದು ಪೈಪ್ ಬಾಂಬು, ಸುಮಾರು 1.4 ಕಿಲೋ ಟಿಎನ್‌ಟಿ ಸ್ಫೋಟಕ. ಮೂವರೂ ಭೂಗತರಾದರು, ಪತ್ತೆಯಾದದ್ದು 2011ರಲ್ಲಿ.

2000ದಿಂದ 2006ರವರೆಗೆ ಒಂಬತ್ತು ಜನ ಈ ಗುಂಪಿನ ಗುಂಡಿಗೆ ಸತ್ತರು. ಎಂಟು ಜನ ಟರ್ಕಿ ಮೂಲದವರು, ಒಬ್ಬರು ಗ್ರೀಸ್‌ನವರು. ಹೂವಿನ ವ್ಯಾಪಾರಿ, ತರಕಾರಿ ಅಂಗಡಿಯವರು, ಇಂಟರ್ನೆಟ್ ಕೆಫೆ ಇಟ್ಟ ಹುಡುಗ. ಪೊಲೀಸರು ಡ್ರಗ್ಸ್, ಮಾಫಿಯಾ ಅಂತ ಸತ್ತವರ ಮನೆಯವರನ್ನೇ ಕೆದಕಿದರು, ಪತ್ರಿಕೆಗಳು 'ಡೋನರ್ ಕೊಲೆಗಳು' ಅಂತ ಟರ್ಕಿ ತಿಂಡಿಯ ಹೆಸರಿಟ್ಟವು. 2006ರ ಮೇನಲ್ಲಿ ಆ ಮನೆಗಳವರು ಕಾಸಲ್ ನಗರದಲ್ಲಿ 'ಹತ್ತನೆಯ ಬಲಿ ಬೇಡ' ಅಂತ ಫಲಕ ಹಿಡಿದು ನಡೆದರು.

ಮುಂದಿನ ಏಪ್ರಿಲ್‌ನಲ್ಲಿ ಹತ್ತನೆಯ ಕೊಲೆ ಆಯಿತು. ಈ ಸಲ ಸತ್ತದ್ದು ಒಬ್ಬ ಪೊಲೀಸ್ ಹುಡುಗಿ, 22 ವರ್ಷ.