ತಲೆಗೆ ಪೆಟ್ಟು: ಮೂರು ತಿಂಗಳಾದ ಮೇಲೆ ಯಾರು ಕೇಳುತ್ತಾರೆ?

ಕೋಲಾರದ ಸುತ್ತಮುತ್ತ ತಲೆಗೆ ಪೆಟ್ಟು ಮಾಡಿಕೊಂಡು ಬರುವವರಲ್ಲಿ ಬೈಕಿನಿಂದ ಬಿದ್ದವರೇ ಜಾಸ್ತಿ. ಮುಳಬಾಗಿಲು ಹೆದ್ದಾರಿಯಲ್ಲೋ, ನರಸಾಪುರದಲ್ಲಿ ಶಿಫ್ಟ್ ಮುಗಿಸಿ ಮನೆಗೆ ಹೋಗುವಾಗಲೋ ಬಿದ್ದಿರುತ್ತಾರೆ. ಸಿಟಿ ಸ್ಕ್ಯಾನಿನಲ್ಲಿ ದೊಡ್ಡ ರಕ್ತಸ್ರಾವ ಕಂಡರೆ ಆಪರೇಷನ್, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಆಂಬುಲೆನ್ಸ್. ಅವರ ದಾಖಲೆ ನಮ್ಮಲ್ಲಿ ಇರುತ್ತದೆ. ದಾಖಲೆಯಿಂದ ಜಾರಿಹೋಗುವವರು ಬೇರೆ. ಸ್ಕ್ಯಾನ್ ನಾರ್ಮಲ್, ಪ್ರಜ್ಞೆ ಅಳೆಯುವ ಗ್ಲಾಸ್ಗೋ ಸ್ಕೇಲಿನಲ್ಲಿ 15ಕ್ಕೆ 15, ಮಾರನೇ ದಿನ ಡಿಸ್ಚಾರ್ಜ್. ಆಮೇಲೆ ಹೆಂಡತಿ ತನ್ನ ಬೆನ್ನುನೋವಿಗೆ ಅಂತ ಆಸ್ಪತ್ರೆಗೆ ಬಂದಾಗ ಮೆಲ್ಲಗೆ ಹೇಳುತ್ತಾರೆ: "ಸಾರ್, ನಮ್ಮನೆಯವರು ಮೊದಲಿನ ಥರ ಇಲ್ಲ. ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ತಪ್ಪಿಸ್ತಾರೆ. ಮಕ್ಕಳ ಮೇಲೆ ಸುಮ್‌ಸುಮ್ನೆ ರೇಗ್ತಾರೆ."

ಇಂಥವರಲ್ಲಿ ಎಷ್ಟು ಜನಕ್ಕೆ ತೊಂದರೆ ಉಳಿಯುತ್ತದೆ? ಯಾರಿಗೆ ಉಳಿಯುತ್ತದೆ ಅಂತ ಮೊದಲ ದಿನವೇ ಹೇಳಬಹುದಾ? 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಲೆಪೆಟ್ಟಿಗೆ ಒಂದು ರಕ್ತಪರೀಕ್ಷೆಯನ್ನು ಒಪ್ಪಿತು, ನಿಜ. ಆದರೆ ಅದು ಹೇಳುವುದು ಸಿಟಿ ಸ್ಕ್ಯಾನ್ ಬೇಕಾ ಬೇಡವಾ ಅಂತ. ಮಂಡಿ ಲೆಕ್ಕದ ಬಗ್ಗೆ ಅದಕ್ಕೇನೂ ಗೊತ್ತಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಅಸಿಸ್ಟೆಂಟ್ ಪ್ರೊಫೆಸರುಗಳು ಈ ಪ್ರಶ್ನೆ ಹಿಡಿದುಕೊಂಡು ದುಡ್ಡು ಹುಡುಕುತ್ತಾರೆ. ದೊಡ್ಡ ಅನುದಾನ ಕೇಳಿದರೆ, "ಮೊದಲು ಒಂದಿಷ್ಟು ಮಾಹಿತಿ ತೋರಿಸಿ" ಅನ್ನುವ ಉತ್ತರ ಬರುತ್ತದೆ. ಮಾಹಿತಿ ಕಲೆಹಾಕಲು ದುಡ್ಡು ಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಪೈಲಟ್ ಅನುದಾನ, ಅಂದರೆ ದೊಡ್ಡ ಅಧ್ಯಯನಕ್ಕೆ ಮೊದಲು ಸಣ್ಣದಾಗಿ ಮಾಡಿ ನೋಡಲು ಕೊಡುವ ದುಡ್ಡು, ಇರುವುದೇ ಇದಕ್ಕೆ.

ಆದರೆ ಅರ್ಜಿ ಓದುವಾಗ ನನಗೆ ಬೇಸರ ತರಿಸುವ ಸಂಗತಿ ಒಂದಿದೆ. "30 ರೋಗಿಗಳ ಮೇಲೆ ಪ್ರಯೋಗ ಮಾಡಿ ಈ ಔಷಧಿ ಫಲ ಕೊಡುತ್ತದೆಂದು ಸಾಬೀತು ಮಾಡುತ್ತೇವೆ" ಅಂತ ಬರೆದಿರುತ್ತಾರೆ. 30 ಜನರಲ್ಲಿ ಏನೂ ಸಾಬೀತಾಗುವುದಿಲ್ಲ. ಒಂದಿಬ್ಬರು ತಾವಾಗಿಯೇ ಚೇತರಿಸಿಕೊಂಡರೂ ಫಲಿತಾಂಶ ತಲೆಕೆಳಗಾಗುತ್ತದೆ. ಪೈಲಟ್ ಉತ್ತರಿಸಬೇಕಾದದ್ದು ಬೇರೆ ಪ್ರಶ್ನೆ: ಈ ಕೆಲಸ ಇಲ್ಲಿ ಆಗುತ್ತದಾ?

ಮೂರು ತಿಂಗಳ ನಂತರ ರೋಗಿಗೆ ಫೋನ್ ಮಾಡುವುದನ್ನೇ ತಗೊಳ್ಳಿ. ಸುಲಭ ಅನ್ನಿಸುತ್ತದೆ ಅಲ್ವಾ? ಕೇಸ್ ಶೀಟಿನಲ್ಲಿರುವ ನಂಬರ್ ರೋಗಿಯದ್ದಲ್ಲ, ಅವತ್ತು ಆಸ್ಪತ್ರೆಗೆ ತಂದು ಸೇರಿಸಿದ ಆಟೋದವರದ್ದು. ಇಲ್ಲವೇ ಮಗನದ್ದು, ಮಗ ಹೊಸೂರಿನಲ್ಲಿ ಕೆಲಸದಲ್ಲಿದ್ದಾನೆ. ಸಿಕ್ಕವರನ್ನು ತಪಾಸಣೆಗೆ ಬನ್ನಿ ಅಂದರೆ, "ಒಂದು ದಿನದ ಕೂಲಿ ಹೋಗುತ್ತೆ ಸಾರ್." ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಬೆಂಗಳೂರಿನಲ್ಲಿ ಕೂತು ಕನ್ನಡದಲ್ಲಿ ತಯಾರಿಸಿದ ನೆನಪಿನ ಶಕ್ತಿಯ ಪರೀಕ್ಷೆ ಅಲ್ಲಿ ತಪ್ಪು ಅಂಕ ಕೊಡುತ್ತದೆ. ಒಪ್ಪಿಗೆ ಪತ್ರದ್ದು ಇನ್ನೊಂದು ಪಾಡು. ಪ್ರಜ್ಞೆ ಸರಿಯಿಲ್ಲದವರ ಪರವಾಗಿ ಮನೆಯವರು ಸಹಿ ಹಾಕುತ್ತಾರೆ. ರೋಗಿಗೆ ತಿಳಿವಳಿಕೆ ಮರಳಿದ ಮೇಲೆ ಅವರನ್ನೇ ಮತ್ತೆ ಕೇಳಬೇಕು. ಆಗ "ಬೇಡ" ಅನ್ನುವವರೂ ಇರುತ್ತಾರೆ. ಇದೆಲ್ಲ ಮೊದಲೇ ಗೊತ್ತಾದರೆ, ಕೋಟಿ ಖರ್ಚಿನ ಅಧ್ಯಯನ ಅರ್ಧ ದಾರಿಯಲ್ಲಿ ನಿಲ್ಲುವುದು ತಪ್ಪುತ್ತದೆ.

ದೊಡ್ಡ ಅಧ್ಯಯನ ಯಾಕೆ ಬೇಕು ಅಂದರೆ ತಲೆಪೆಟ್ಟಿಗೆ ಸ್ಟೀರಾಯ್ಡ್ ಕೊಟ್ಟು ನೋಡಿದ ಕ್ರ್ಯಾಶ್ ಟ್ರಯಲ್ ಎಂಬ ಅಧ್ಯಯನವನ್ನು ನೆನಪಿಸಿಕೊಳ್ಳಬೇಕು. ತಲೆಪೆಟ್ಟಿಗೆ ಸ್ಟೀರಾಯ್ಡ್ ಕೊಡುವುದು ದಶಕಗಳ ರೂಢಿಯಾಗಿತ್ತು. ಅದರಿಂದ ಉಪಯೋಗವಿದೆಯಾ ಅಂದರೆ ಸಣ್ಣಸಣ್ಣ ಅಧ್ಯಯನಗಳು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಕ್ರ್ಯಾಶ್ ತಂಡ ಮೊದಲು 1000 ರೋಗಿಗಳ ಪೈಲಟ್ ಹಂತ ನಡೆಸಿತು, ಆಮೇಲೆ ಮುಂದುವರಿಯಿತು. 2004ರಲ್ಲಿ 10,008 ರೋಗಿಗಳ ಫಲಿತಾಂಶ ಬಂತು. ಎರಡು ವಾರದೊಳಗೆ ಸ್ಟೀರಾಯ್ಡ್ ಪಡೆದವರಲ್ಲಿ ಶೇ 21.1 ಮಂದಿ ಸತ್ತಿದ್ದರು, ಪಡೆಯದವರಲ್ಲಿ ಶೇ 17.9. ಒಳ್ಳೆಯದಾಗಲಿ ಅಂತ ಕೊಟ್ಟ ಔಷಧಿಯೇ ಜೀವ ತೆಗೆಯುತ್ತಿತ್ತು.

ಬಜೆಟ್ ಬಗ್ಗೆ ಒಂದು ಮಾತು. ನಮ್ಮ ಅರ್ಜಿಗಳಲ್ಲಿ ಮೊದಲ ಸಾಲಿಗೇ ಒಂದು ಮೆಷಿನ್ ಬಂದು ಕೂರುತ್ತದೆ. ಕಾಲೇಜಿಗೂ ಅದೇ ಇಷ್ಟ, ಮೆಷಿನ್ ಬಂದರೆ ಫೋಟೊ ತೆಗೆಸಬಹುದು. ನಾನಾದರೆ ಕನ್ನಡ, ತೆಲುಗು ಎರಡೂ ಬಲ್ಲ, ಹಳ್ಳಿ ಸುತ್ತುವ ಒಬ್ಬ ಫೀಲ್ಡ್ ವರ್ಕರ್ ಸಂಬಳಕ್ಕೆ, ರೋಗಿಯ ಬಸ್ ಚಾರ್ಜಿಗೆ, ಆ ದಿನದ ಕೂಲಿಗೆ ದುಡ್ಡು ಇಡುತ್ತೇನೆ. ಮತ್ತೆ, ವಾರದಲ್ಲಿ ಒಂದು ದಿನ ಯುವ ವೈದ್ಯರಿಗೆ ಒಪಿಡಿಯಿಂದ ಬಿಡುವು. ಇದು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ, ಇದಿಲ್ಲದೆ ಕೆಲಸವೂ ಆಗುವುದಿಲ್ಲ.

ದಾರಿಗಳು ಇಲ್ಲವೆಂದಲ್ಲ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಲ್ಪಾವಧಿ ಸ್ಟೂಡೆಂಟ್‌ಶಿಪ್ 1979ರಿಂದ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ತನ್ನ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನಾ ನೆರವು ಕೊಡುತ್ತದೆ. ಆದರೆ ಇವು ಎಲ್ಲ ವಿಷಯಕ್ಕೂ ಹಂಚಿಹೋಗುವ ದುಡ್ಡು.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ದಾರಿ ನನಗೆ ಹಿಡಿಸಿತು. ಅಲ್ಲಿ ವಾಹನ ಸವಾರರು ಕಟ್ಟುವ ದಂಡದ ಮೇಲೆ 1 ಡಾಲರ್ ಜಾಸ್ತಿ ಸೇರಿಸಿ, ಅದನ್ನು ಮಿದುಳು ಪೆಟ್ಟಿನ ಸಂಶೋಧನೆಗೇ ಮೀಸಲಿಟ್ಟಿದ್ದಾರೆ. ಪೈಲಟ್ ಅನುದಾನವೂ ಅದರಿಂದಲೇ. ನಮ್ಮಲ್ಲಿ ಹೆಲ್ಮೆಟ್ ಇಲ್ಲದಿದ್ದರೆ ದಂಡ 500 ರೂಪಾಯಿ. ಬಾಕಿ ದಂಡಕ್ಕೆ ಆಗಾಗ ಶೇ 50 ರಿಯಾಯಿತಿ ಬೇರೆ ಕೊಡುತ್ತಾರೆ. ಆ 500ರಲ್ಲಿ 5 ರೂಪಾಯಿ ತೆಗೆದಿಟ್ಟರೂ ಸಾಕು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರರಲ್ಲೂ ಹೆದ್ದಾರಿ ಇದೆ, ಮೆಡಿಕಲ್ ಕಾಲೇಜಿದೆ. ಮೂರು ತಿಂಗಳಾದ ಮೇಲೆ ಫೋನ್ ಮಾಡಲು ತಯಾರಿರುವ ಯುವ ವೈದ್ಯರೂ ಇದ್ದಾರೆ.