ಒಕ್ಕದ ಪಟ್ಟಿಯೊಂದೇ ಸಾಲದು: ಲಿಂಕೇಜ್ ಲೆಕ್ಕದ ಟಿಪ್ಪಣಿ

ಕೊಡಗಿನ ಐನ್‌ಮನೆಗಳಲ್ಲಿ (ಒಕ್ಕದ, ಅಂದರೆ ಒಂದೇ ಮನೆಹೆಸರಿನ ದೊಡ್ಡ ಕುಟುಂಬದ, ಮೂಲಮನೆಗಳಲ್ಲಿ) ಹಲವು ತಲೆಮಾರಿನ ಹೆಸರುಗಳು ಹಿರಿಯರ ಬಾಯಲ್ಲೇ ಸಿಗುತ್ತವೆ. ಲಿಂಕೇಜ್, ಅಂದರೆ ಹತ್ತಿರದ ಜೀನುಗಳು ಒಟ್ಟಿಗೆ ಸಾಗುವ ಬಗೆ, ಓದುವವರಿಗೆ ಇದು ದೊಡ್ಡ ಅನುಕೂಲ. ಆದರೆ ಒಕ್ಕ ಸಾಗುವುದು ಗಂಡುಮಕ್ಕಳ ದಾರಿಯಲ್ಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮಕ್ಕಳು ಬೇರೆ ಮನೆಹೆಸರಿನವರು. ಜೀನ್ ಅಲ್ಲಿಗೂ ಹೋಗಿರುತ್ತದೆ, ಅಲ್ವಾ? ಹಾಗಾಗಿ ಅವರನ್ನೂ ಸೇರಿಸಿಯೇ ವಂಶವೃಕ್ಷದ ಚಿತ್ರ ಬರೆಯಬೇಕು.

ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಇರುವ ಎರಡು ಜಾಗಗಳು ಸಾಮಾನ್ಯವಾಗಿ ಒಟ್ಟಿಗೇ ಮಗುವಿಗೆ ಬರುತ್ತವೆ. ಅಂಡಾಣು, ವೀರ್ಯಾಣು ಆಗುವಾಗ ಜೋಡಿ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಳ್ಳುತ್ತವೆ. ಆಗ ಅವೆರಡೂ ಬೇರೆಯಾಗಬಹುದು. ಹೀಗೆ ಬೇರೆಯಾಗುವ ಸಾಧ್ಯತೆಯೇ ಥೀಟಾ. ಅದು 0 ಆದರೆ ಪೂರ್ತಿ ಅಂಟಿಕೊಂಡಿವೆ, 0.5 ಆದರೆ ಸಂಬಂಧವೇ ಇಲ್ಲ.

ಈಗ ಲೆಕ್ಕ. ಕಾಯಿಲೆ ಇರುವ ಅಪ್ಪನ ಮಾರ್ಕರ್ (ಗುರುತಾಗಿ ಬಳಸುವ ಕ್ರೋಮೋಸೋಮಿನ ಜಾಗ) ರೂಪಗಳು 'ಎ' ಮತ್ತು 'ಬಿ' ಎಂದುಕೊಳ್ಳಿ. ಅಮ್ಮನಿಗೆ ಕಾಯಿಲೆ ಇಲ್ಲ, ಅವಳ ಎರಡೂ 'ಸಿ'. ನಾಲ್ಕು ಮಕ್ಕಳು. 'ಎ' ಬಂದವರಿಗೆಲ್ಲ ಕಾಯಿಲೆ ಇದೆ, 'ಬಿ' ಬಂದವರಿಗೆ ಇಲ್ಲ. ಕಾಯಿಲೆ ಇದ್ದ ಅಜ್ಜನಿಂದಲೇ ಅಪ್ಪನಿಗೆ 'ಎ' ಬಂದಿದ್ದು ಎಂದು ಗೊತ್ತಿದ್ದರೆ, ಥೀಟಾ 0 ಎಂಬ ಊಹೆ 0.5 ಎಂಬುದಕ್ಕಿಂತ 16 ಪಟ್ಟು ಚೆನ್ನಾಗಿ ಹೊಂದುತ್ತದೆ. 16ರ ಲಾಗ್ (10ರ ಆಧಾರದಲ್ಲಿ) 1.2. ಇದೇ ಲಾಡ್ ಸ್ಕೋರ್. ಅಜ್ಜನ ಮಾಹಿತಿ ಇಲ್ಲದಿದ್ದರೆ, ಅಪ್ಪನಲ್ಲಿ ಕಾಯಿಲೆಯ ಜೀನ್ 'ಎ' ಜೊತೆಗಿತ್ತೋ 'ಬಿ' ಜೊತೆಗಿತ್ತೋ ಎಂಬ ಎರಡೂ ಸಾಧ್ಯತೆಯ ಸರಾಸರಿ ತೆಗೆಯಬೇಕು. ಆಗ 8 ಪಟ್ಟು, ಅಂದರೆ 0.9. ಒಂದು ಮಗುವಿನಷ್ಟು ಪುರಾವೆ ಕೈತಪ್ಪಿತು. ಅಜ್ಜನ ರಕ್ತದ ಮಾದರಿಗೆ ಅಷ್ಟು ಬೆಲೆ.

ಲಾಗ್ ಆದ್ದರಿಂದ ಒಂದೇ ಥೀಟಾಕ್ಕೆ ಬೇರೆ ಬೇರೆ ಕುಟುಂಬಗಳ ಸ್ಕೋರುಗಳನ್ನು ಸುಮ್ನೆ ಕೂಡಿಸಬಹುದು. ತಳಿವಿಜ್ಞಾನಿ ನ್ಯೂಟನ್ ಮಾರ್ಟನ್ 1955ರಲ್ಲಿ ಇದನ್ನು ರೂಢಿಗೆ ತಂದರು. 3 ದಾಟಿದರೆ ಲಿಂಕೇಜ್ ಇದೆ ಎನ್ನುತ್ತೇವೆ. -2ಕ್ಕಿಂತ ಕೆಳಗಿಳಿದರೆ ಆ ಥೀಟಾ ಬಿಟ್ಟುಬಿಡುತ್ತೇವೆ. 3 ಅಂದರೆ ಲಿಂಕೇಜ್ ಇದೆ ಎಂಬ ಊಹೆ 1000 ಪಟ್ಟು ಚೆನ್ನಾಗಿ ಹೊಂದುತ್ತದೆ, ಸರಿ. ಆದರೆ ಸಾವಿರಕ್ಕೊಮ್ಮೆ ಮಾತ್ರ ತಪ್ಪುತ್ತದೆ ಎಂದಲ್ಲ. ಯಾವುದೋ ಎರಡು ಜಾಗಗಳು ಹತ್ತಿರ ಇರುವ ಸಾಧ್ಯತೆಯೇ ಕಡಿಮೆ. ಅದಕ್ಕೇ ಮಿತಿಯನ್ನು ಅಷ್ಟು ಮೇಲಿಟ್ಟಿದ್ದು. ಇದನ್ನು ಹಲವರು ಗಮನಿಸುವುದಿಲ್ಲ.

ತಡವಾಗಿ ಕಾಣಿಸುವ ಕಾಯಿಲೆಯಲ್ಲಿ ಜಾಸ್ತಿ ಎಚ್ಚರ ಬೇಕು. ಇಪ್ಪತ್ತರ ಹುಡುಗ ಚೆನ್ನಾಗಿದ್ದಾನೆ ಎಂದರೆ ಜೀನ್ ಬಂದಿಲ್ಲ ಎಂದಲ್ಲ. ಅವನನ್ನು ಆರೋಗ್ಯವಂತ ಎಂದು ಬರೆದರೆ, ಇಲ್ಲದ ಅದಲುಬದಲು ಲೆಕ್ಕಕ್ಕೆ ಬರುತ್ತದೆ. ಆ ವಯಸ್ಸಿಗೆ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಎಷ್ಟು ಎಂಬುದನ್ನೂ ಲೆಕ್ಕಕ್ಕೆ ಸೇರಿಸಲೇಬೇಕು. 1983ರಲ್ಲಿ ಹಂಟಿಂಗ್ಟನ್ ಎಂಬ ಮೆದುಳಿನ ಕಾಯಿಲೆಯ ಜೀನ್ 4ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿಕೊಟ್ಟಿದ್ದು ಇಂಥ ಲೆಕ್ಕವೇ. ಅದಕ್ಕೆ ವೆನೆಜುವೆಲಾದ ದೊಡ್ಡ ಕುಟುಂಬಗಳು ನೆರವಾದವು.

ಕಂಪ್ಯೂಟರಿಗೆ ಕೊಡುವಾಗ, ಜನ ಜಾಸ್ತಿ ಮಾರ್ಕರ್ ಕಡಿಮೆ ಇದ್ದರೆ 1971ರ ಎಲ್‌ಸ್ಟನ್-ಸ್ಟುವರ್ಟ್ ವಿಧಾನ. ಮಾರ್ಕರ್ ಜಾಸ್ತಿ, ಕುಟುಂಬ ಚಿಕ್ಕದಾದರೆ 1987ರ ಲ್ಯಾಂಡರ್-ಗ್ರೀನ್. ದೊಡ್ಡ ಒಕ್ಕಕ್ಕೆ ಮೊದಲನೆಯದೇ ಒಗ್ಗುತ್ತದೆ. ಆದರೆ ಸೋದರಮಾವನ ಮಗಳನ್ನು ಮದುವೆಯಾದವರಿದ್ದರೆ ವಂಶವೃಕ್ಷದಲ್ಲಿ ಸುತ್ತು ಬೀಳುತ್ತದೆ, ಲೆಕ್ಕ ಭಾರವಾಗುತ್ತದೆ. ಹಾಗೆಂದು ಆ ಗೆರೆ ಅಳಿಸಬೇಡಿ. ಸಂಬಂಧ ಮುಚ್ಚಿಟ್ಟರೆ ಸ್ಕೋರೇ ತಪ್ಪು ಬರುತ್ತದೆ.