ಪ್ರೈಮರ್ ಕೊಡೆಯಲ್ಲ

ಹಳೆಯ ಕಾರಿನ ಬಣ್ಣ ಕೆರೆದು, ಬೂದು ಪ್ರೈಮರ್ ಹೊಡೆದು, ‘ಪ್ರೈಮರ್ ಬಿದ್ದಿದೆಯಲ್ಲ, ಇನ್ನು ಬಣ್ಣಕ್ಕೇನು ಅವಸರ’ ಎಂದು ತಿಂಗಳುಗಟ್ಟಲೆ ಬಯಲಲ್ಲಿ ನಿಲ್ಲಿಸುವವರಿದ್ದಾರೆ. ನಾಲ್ಕು ಮಳೆ ಬಿದ್ದ ಮೇಲೆ ಬೂದು ಬಣ್ಣದ ನಡುವೆ ಕಂದು ಚುಕ್ಕೆಗಳು ಮೂಡುತ್ತವೆ. ಆಗ ಬೈಸಿಕೊಳ್ಳುವುದು ಪ್ರೈಮರ್ ಡಬ್ಬಿ. ಪಾಪ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ನೀರು ತಡೆಯುವುದು ಅದರ ಕೆಲಸವೇ ಆಗಿರಲಿಲ್ಲ, ಅಷ್ಟೆ.

ಅನುಮಾನವಿದ್ದರೆ ಒಣಗಿದ ಮಾಮೂಲಿ ಪ್ರೈಮರನ್ನು ಸ್ವಲ್ಪ ಉಜ್ಜಿ, ಅದರ ಮೇಲೆ ಒಂದು ಹನಿ ನೀರು ಬಿಡಿ. ಹತ್ತು ನಿಮಿಷ ಬಿಟ್ಟು ಒರೆಸಿ. ಹನಿ ಕೂತಿದ್ದ ಕಡೆ ಬಹುತೇಕ ಸಲ ಗಾಢವಾದ ಒಂದು ಬಿಲ್ಲೆ ಉಳಿದಿರುತ್ತದೆ, ಆಮೇಲೆ ಮೆಲ್ಲಗೆ ಮಾಸುತ್ತದೆ. ನೀರು ಮೇಲೆ ಕೂತಿರಲಿಲ್ಲ, ಒಳಗೆ ಇಳಿದಿತ್ತು.

ಏಕೆ ಇಳಿಯಿತು? ಒಂದು ಪಾತ್ರೆಯ ತುಂಬ ಗೋಲಿ ತುಂಬಿ. ಗೋಲಿಗಳ ಸಂದುಗಳೆಲ್ಲ ಮುಚ್ಚುವಷ್ಟು ಗೋಂದು ಸುರಿದರೆ ಒಂದೇ ಗಟ್ಟಿ ಮುದ್ದೆ ಸಿಗುತ್ತದೆ. ಗೋಂದು ಕಡಿಮೆಯಾದರೆ ಗೋಲಿಗಳು ಒಂದಕ್ಕೊಂದು ಅಂಟಿರುತ್ತವೆ, ಆದರೆ ಸಂದುಗಳು ಖಾಲಿ. ಬಣ್ಣವೂ ಹೀಗೇ: ಪುಡಿ ಮತ್ತು ಅದನ್ನು ಹಿಡಿದಿಡುವ ಅಂಟು. ತಿನ್ನರ್ ಬರಿಯ ಸಾಗಣೆದಾರ, ಕೆಲಸ ಮುಗಿದ ಮೇಲೆ ಗಾಳಿಗೆ ಹೋಗುತ್ತದೆ. ಪುಡಿಯ ಪ್ರಮಾಣ ಒಂದು ಗಡಿ ದಾಟಿದೊಡನೆ ಪದರದ ಹೊಳಪು, ಗಟ್ಟಿತನ, ನೀರು ತಡೆಯುವ ಗುಣ ಎಲ್ಲವೂ ಒಮ್ಮೆಗೇ ಬದಲಾಗುತ್ತವೆ ಎಂದು ಆಸ್ಬೆಕ್ ಮತ್ತು ವ್ಯಾನ್ ಲೂ ಎಂಬ ಸಂಶೋಧಕರು 1949ರಲ್ಲಿ ತೋರಿಸಿದರು. ಉಜ್ಜುವುದಕ್ಕೆಂದೇ ಮಾಡಿದ ಪ್ರೈಮರಿನಲ್ಲಿ ಟಾಲ್ಕ್, ಸುಣ್ಣಕಲ್ಲಿನ ಪುಡಿಗಳನ್ನು ಆ ಗಡಿಯ ಹತ್ತಿರಕ್ಕೋ ಆಚೆಗೋ ಬೇಕೆಂದೇ ತುಂಬಿರುತ್ತಾರೆ. ಅದರಿಂದಲೇ ಅದು ಗೀರುಗಳನ್ನು ತುಂಬುತ್ತದೆ, ಉಜ್ಜುಕಾಗದಕ್ಕೆ ಮೆತ್ತಿಕೊಳ್ಳದೆ ಹಿಟ್ಟಿನಂತೆ ಉದುರುತ್ತದೆ, ಮೇಲಿನ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಗಾರೆ ಬಳಿಯದ ಇಟ್ಟಿಗೆ ಗೋಡೆ ಎನ್ನಿ: ಗಾರೆ ಚೆನ್ನಾಗಿ ಕಚ್ಚಿಕೊಳ್ಳುವುದೂ ಅದಕ್ಕೇ, ಮಳೆನೀರು ಕುಡಿಯುವುದೂ ಅದಕ್ಕೇ.

ಹಾಗೆಂದು ಮಂಕಾಗಿ ಕಾಣುವುದೆಲ್ಲ ತೂತುಗಳದ್ದಲ್ಲ. ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ಪ್ರೈಮರೂ ಅರೆಮಂಕಾಗಿಯೇ ಇರುತ್ತದೆ, ಆದರೆ ಅದರಲ್ಲಿ ಅಂಟಿಗೆ ಕೊರತೆಯಿಲ್ಲ. ಬರಿ ಲೋಹದ ಮೇಲೆ ಮೊದಲು ಬೀಳಬೇಕಾದದ್ದು ಅದು.

ಇನ್ನು ಇದಕ್ಕಿಂತ ಸ್ವಾರಸ್ಯದ ಸಂಗತಿ. ಒಳ್ಳೆಯ ಬಣ್ಣ ನೀರನ್ನು ಪೂರ್ತಿ ತಡೆಯುತ್ತದೆ ಎಂಬುದೂ ತಪ್ಪೇ. ಸಾಮಾನ್ಯ ಬಣ್ಣದ ಪದರಗಳ ಮೂಲಕ ಕಬ್ಬಿಣ ತುಕ್ಕು ಹಿಡಿಯಲು ಸಾಲುವಷ್ಟು ನೀರು, ಆಮ್ಲಜನಕ ನುಸುಳುತ್ತಲೇ ಇರುತ್ತವೆ ಎಂದು ಮೇಯ್ನ್ ಎಂಬ ಸಂಶೋಧಕ 1950ರ ಸುಮಾರಿಗೆ ಲೆಕ್ಕ ಹಾಕಿ ತೋರಿಸಿದ. ಹಾಗಿದ್ದರೂ ತುಕ್ಕು ನಿಲ್ಲುವುದು ಹೇಗೆ? ತುಕ್ಕು ಎಂದರೆ ಪುಟ್ಟದೊಂದು ಬ್ಯಾಟರಿ. ತಗಡಿನ ಒಂದು ಚುಕ್ಕೆಯಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಪಕ್ಕದ ಚುಕ್ಕೆಯಲ್ಲಿ ಆಮ್ಲಜನಕ ಅದನ್ನು ತೆಗೆದುಕೊಳ್ಳುತ್ತದೆ. ಎಲೆಕ್ಟ್ರಾನ್‌ಗಳಿಗೆ ಲೋಹವೇ ದಾರಿ. ಸರ್ಕ್ಯೂಟು ಪೂರ್ತಿಯಾಗಲು ಮೇಲ್ಗಡೆಯಿಂದ ಅಯಾನುಗಳೂ, ಅಂದರೆ ವಿದ್ಯುದಾವೇಶದ ಕಣಗಳೂ, ಓಡಾಡಬೇಕು. ಬಣ್ಣದ ಪದರ ನೀರಿಗೆ ಸಡಿಲ, ಅಯಾನುಗಳಿಗೆ ಬಿಗಿ. ಜನ ದಾಟಬಹುದಾದ, ಲಾರಿ ದಾಟಲಾಗದ ಕಿರುಸೇತುವೆಯ ಹಾಗೆ. ಇದರ ಜೊತೆಗೆ ಪದರ ಲೋಹಕ್ಕೆ ಬಿಗಿಯಾಗಿ ಅಂಟಿದ್ದರೆ ನುಸುಳಿದ ನೀರಿಗೆ ಕೂತುಕೊಳ್ಳಲು ಜಾಗವೂ ಇರುವುದಿಲ್ಲ.

ಆ ಜಾಗವನ್ನು ನಾವೇ ಒದಗಿಸಿಕೊಡುತ್ತೇವೆ, ಬರಿಗೈಯಿಂದ ಮುಟ್ಟಿ. ಒರೆಸಿ ಸಿದ್ಧಮಾಡಿದ ಬಾನೆಟ್ಟಿನ ಮೇಲೆ ‘ನುಣ್ಣಗಾಯಿತೇ’ ಎಂದು ಅಂಗೈ ಆಡಿಸಿದಾಗ ಬೆವರಿನ ಉಪ್ಪು ಅಲ್ಲಿ ಉಳಿಯುತ್ತದೆ. ಬಣ್ಣ ಬಿದ್ದ ಮೇಲೆ ಆ ಉಪ್ಪು ಹೊರಗಿನ ನೀರನ್ನು ಪದರದ ಮೂಲಕವೇ ತನ್ನತ್ತ ಎಳೆದುಕೊಳ್ಳುತ್ತದೆ. ಇದು ಶುದ್ಧ ಆಸ್ಮೋಸಿಸ್. ತಿಂಗಳುಗಳ ನಂತರ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತವೆ, ಕೆಲವೊಮ್ಮೆ ಬೆರಳ ಗುರುತಿನ ಆಕಾರದಲ್ಲೇ. ಗುಳ್ಳೆ ಒಡೆದರೆ ಒಳಗೆ ನೀರು, ತಳದಲ್ಲಿ ಕಪ್ಪು ಚುಕ್ಕೆ. ನೈಟ್ರೈಲ್ ರಬ್ಬರಿನ ಕೈಗವಸು ಶೋಕಿಯ ವಸ್ತುವಲ್ಲ.

ಹಾಗಾಗಿ ಕೆಲಸದ ಕ್ರಮವನ್ನು ಅದಲುಬದಲು ಮಾಡುವ ಹಾಗಿಲ್ಲ. ಮೊದಲು ಸೋಪುನೀರಿನ ತೊಳೆತ, ನಂತರ ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಕ, ಉಜ್ಜುವುದು ಅದಾದ ಮೇಲೆ. ಮೊದಲೇ ಉಜ್ಜಿದರೆ ಮೇಣವನ್ನು ಗೀರಿನೊಳಕ್ಕೆ ತುರುಕಿದಂತೆ. ದ್ರಾವಕಕ್ಕೆ ಎರಡು ಬಟ್ಟೆ ಬೇಕು: ಒದ್ದೆಯದರಿಂದ ಹಚ್ಚಿ, ಆರುವ ಮೊದಲೇ ಒಣಗಿದ್ದರಿಂದ ಒರೆಸಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಅದನ್ನು ನೀರು ಹಾಕಿಯೇ ಉಜ್ಜಿ, ಕೆಸರನ್ನು ಕಾಗದದಲ್ಲಿ ಬಳಿದು ತೆಗೆಯಿರಿ. ಬರಿ ಲೋಹ ಕಂಡ ಕಡೆ ಮಾತ್ರ ಒಣ ಕೆಲಸ: ತುಕ್ಕಿಗೆ ಒರಟಾದ 80ರ ಉಜ್ಜುಕಾಗದ. ಹಳೆ ಬಣ್ಣದ ಅಂಚು ಇಳಿಜಾರು ಮಾಡಲು ಅದಕ್ಕಿಂತ ನಯವಾದ 180, ಅದೂ ನೀರು ಹಾಕಿಯೇ, ಕೂಡಲೇ ಒಣಗಿಸಿ. ಹೊಂಡಗಳ ತಳದ ಕಪ್ಪು ಹೋಗದಿದ್ದರೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಬಹುದು, ಆದರೆ ಅದನ್ನು ಚೆನ್ನಾಗಿ ತೊಳೆದು ಕೂಡಲೇ ಒಣಗಿಸಬೇಕು. ಆಮ್ಲದ ಶೇಷ ಉಳಿದರೆ ಮೇಲೆ ಬೀಳುವ ಎಪಾಕ್ಸಿಯ ಹಿಡಿತವೇ ಕೆಡುತ್ತದೆ. ಆಮ್ಲದಿಂದ ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಮೇಲೆ ಎಪಾಕ್ಸಿಯನ್ನಾಗಲಿ ಪುಟ್ಟಿಯನ್ನಾಗಲಿ ಹಾಕಬಾರದು ಎಂಬುದಕ್ಕೂ ಇದೇ ಕಾರಣ.

ಉಳಿದ ಹಳೆಯ ಬಣ್ಣ ಯಾವ ಜಾತಿಯದು ಎಂದೂ ನೋಡಬೇಕು. ಇದರ ಹಿಂದೊಂದು ಚರಿತ್ರೆಯಿದೆ. ಎಣ್ಣೆ ವಾರ್ನಿಷ್‌ಗಳ ಕಾಲದಲ್ಲಿ ಒಂದು ಕಾರಿನ ಬಣ್ಣ ಒಣಗಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಡುಪಾಂಟ್ ಕಂಪನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರುಗಳ ಮೇಲೆ ನೀಲಿಯಾಗಿ ಬಂತು. ಸಿಡಿಮದ್ದಿನ ಹತ್ತಿಯ ದಾಯಾದಿ ಅದು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು, ಏಕೆಂದರೆ ಲ್ಯಾಕರ್ ಬರಿದೇ ಆರುತ್ತದೆ, ಅದರಲ್ಲಿ ಯಾವ ರಾಸಾಯನಿಕ ಕ್ರಿಯೆಯೂ ನಡೆಯುವುದಿಲ್ಲ. ಆರಿದ್ದು ಮತ್ತೆ ಕರಗಲೂಬಹುದು! ಅರ್ಧ ಶತಮಾನ ಕಳೆದ ಲ್ಯಾಕರ್ ಕೂಡ ಹೊಸ ತಿನ್ನರ್ ಕುಡಿದು ಉಬ್ಬಿ ಸುಕ್ಕಾಗುತ್ತದೆ. ತಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಮೂಲೆಯೊಂದರಲ್ಲಿ ಅರ್ಧ ನಿಮಿಷ ಒತ್ತಿ ಉಜ್ಜಿ. ಬಣ್ಣ ಬಟ್ಟೆಗೆ ಧಾರಾಳವಾಗಿ ಬಂದರೆ ಅದನ್ನು ಪೂರ್ತಿ ತೆಗೆಯುವುದೇ ಲೇಸು.

ಲೋಹ ತೆರೆದ ದಿನವೇ ಎಪಾಕ್ಸಿ ಎರಡು ಕೋಟು. ಅದು ಗಟ್ಟಿಯಾದ ಮೇಲೆ ಒರಟಾಗಿ ಉಜ್ಜಿ ಪುಟ್ಟಿ. ಪಾಲಿಯೆಸ್ಟರ್ ಪುಟ್ಟಿ 100 ಗ್ರಾಂಗೆ ಅದನ್ನು ಗಟ್ಟಿಗೊಳಿಸುವ ಹಾರ್ಡನರ್ ಸುಮಾರು 2 ಗ್ರಾಂ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಹಾರ್ಡನರಿನಲ್ಲಿರುವ ಪೆರಾಕ್ಸೈಡ್ ಉಳಿದು ಮೇಲಿನ ಬಣ್ಣಕ್ಕೇರಿ ಕಲೆ ಮಾಡುತ್ತದೆ. ಪುಟ್ಟಿಯನ್ನು ನೀರು ಹಾಕಿ ಎಂದೂ ಉಜ್ಜಬೇಡಿ; ಅದರಲ್ಲೂ ಟಾಲ್ಕೇ ತುಂಬಿರುವುದು, ಕುಡಿದ ನೀರನ್ನು ಕಬ್ಬಿಣದ ಕಡೆಗೇ ದಾಟಿಸುತ್ತದೆ.

ನಂತರವಷ್ಟೇ ಮೊದಲು ಹೇಳಿದ, ಗೀರು ತುಂಬುವ ಪ್ರೈಮರ್, ಎರಡೋ ಮೂರೋ ಕೋಟು, ನಡುವೆ ಹತ್ತು ನಿಮಿಷ ಬಿಡುವು. ಬಿಡುವು ಕೊಡದೆ ಒಮ್ಮೆಗೇ ದಪ್ಪ ಹೊಡೆದರೆ ಮೇಲ್ಭಾಗ ಕೆನೆಗಟ್ಟಿ ಒಳಗೆ ತಿನ್ನರ್ ಸಿಕ್ಕಿಕೊಳ್ಳುತ್ತದೆ. ಅದು ವಾರಗಟ್ಟಲೆ ಸೋರಿಹೋಗುತ್ತ ಪದರ ಕುಗ್ಗುತ್ತದೆ, ಆಗ ಮುಚ್ಚಿಹೋಗಿದ್ದ 180ರ ಗೀರುಗಳೆಲ್ಲ ಹೊಳೆಯುವ ಬಣ್ಣದಡಿಯಿಂದ ಎದ್ದುಬರುತ್ತವೆ. ‘ದಪ್ಪ ಬಳಿದಷ್ಟೂ ಬಾಳಿಕೆ’ ಎಂಬ ನಂಬಿಕೆ ಹಾಳುಮಾಡಿದಷ್ಟು ಕಾರುಗಳನ್ನು ತುಕ್ಕೂ ಮಾಡಿರಲಿಕ್ಕಿಲ್ಲ. ಕಾರ್ಖಾನೆಯ ಪದರಗಳೆಲ್ಲ ಸೇರಿದರೂ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಎರಡು ತಲೆಗೂದಲಿನ ದಪ್ಪ. ಒಣಗಿದ ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ತೆಳ್ಳಗೆ ಉದುರಿಸಿ, ಮರದ ಹಲಗೆಗೆ ಸುತ್ತಿದ 320ರ ಕಾಗದದಿಂದ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗು, ಮೊದಲು ಮಾಯವಾದ ಕಡೆ ಉಬ್ಬು. ಕೊನೆಗೆ 600ರ ವಾಟರ್ ಪೇಪರ್. ಈಗ ಹೀರಿದ ನೀರು ಪೂರ್ತಿ ಆರಬೇಕು, ಬಿಸಿಲಿದ್ದರೂ ಒಂದೆರಡು ಗಂಟೆ ಕಾಯಿರಿ. ಎಲ್ಲಾದರೂ ಲೋಹ ಇಣುಕಿದರೆ ಆ ಚುಕ್ಕೆಗೆ ಮತ್ತೆ ಎಪಾಕ್ಸಿ.

ಬಣ್ಣಕ್ಕೆ ಸ್ಪ್ರೇ ಗನ್ನಿನಲ್ಲಿ 1.3 ಅಥವಾ 1.4 ಮಿಲಿಮೀಟರ್ ನಳಿಕೆ, ದೂರ 15ರಿಂದ 20 ಸೆಂಟಿಮೀಟರ್, ಪ್ರತಿ ಪಟ್ಟೆಯೂ ಹಿಂದಿನದರ ಅರ್ಧ ಭಾಗವನ್ನು ಮುಚ್ಚಬೇಕು. ಗನ್ ದೂರ ಹೋದರೆ ಹನಿ ಗಾಳಿಯಲ್ಲೇ ಆರಿ ಮರಳಾಗುತ್ತದೆ, ಹತ್ತಿರ ಬಂದರೆ ಇಳಿದು ಹರಿಯುತ್ತದೆ. ಬಣ್ಣ ಅಲ್ಲಲ್ಲಿ ದುಂಡಗೆ ಸರಿದು ಮೀನಿನ ಕಣ್ಣಿನಂಥ ಕುಳಿಗಳಾದರೆ ಅದು ಸಿಲಿಕೋನ್ ಪಾಲಿಶ್‌ನ ಕಣದ ಕೆಲಸ. ನೀರಿನ ಮೇಲೆ ಪೌಡರ್ ಉದುರಿಸಿ ನಡುವೆ ಸೋಪು ಮುಟ್ಟಿಸಿದರೆ ಪುಡಿ ಅಂಚಿಗೆ ಓಡುತ್ತದಲ್ಲ, ಮೇಲ್ಮೈ ಎಳೆತದ ಅದೇ ಆಟ. ಮೇಲೆ ಇನ್ನಷ್ಟು ಬಣ್ಣ ಸುರಿದರೆ ಮುಚ್ಚುವುದಿಲ್ಲ. ಆರಲು ಬಿಟ್ಟು, ಉಜ್ಜಿ, ಒರೆಸಿ ಮತ್ತೆ ಹೊಡೆಯಬೇಕು. ತೇವಾಂಶ ಜಾಸ್ತಿಯಿರುವ ದಿನ ಲ್ಯಾಕರ್ ಬಿಳಿಚಿಕೊಳ್ಳುವುದು ಇನ್ನೊಂದು ತೊಂದರೆ. ತಿನ್ನರ್ ಆವಿಯಾಗುತ್ತ ಪದರವನ್ನು ತಣ್ಣಗಾಗಿಸುತ್ತದೆ, ಅದರ ಮೇಲೆ ಇಬ್ಬನಿ ಕೂರುತ್ತದೆ.

ಹಾರ್ಡನರ್ ಬೆರೆಸುವ ಟೂಕೆ (2K) ಬಣ್ಣ ಮತ್ತು ಅದರ ಮೇಲಿನ ಪಾರದರ್ಶಕ ಕ್ಲಿಯರ್ ವಿಷಯದಲ್ಲಿ ಮಾತ್ರ ತಮಾಷೆಯಿಲ್ಲ. ಅದರಲ್ಲಿರುವ ಐಸೋಸಯನೇಟ್ ಅಸ್ತಮಾ ತರುತ್ತದೆ. ಒಮ್ಮೆ ದೇಹಕ್ಕೆ ಅಲರ್ಜಿ ಹತ್ತಿದರೆ ಮುಂದೆ ಲವಲೇಶವೂ ಸಾಕು ಉಸಿರು ಕಟ್ಟಲು. ಬಟ್ಟೆಯ ಮುಸುಕು, ಧೂಳಿನ ಮಾಸ್ಕು ಶೂನ್ಯಕ್ಕೆ ಸಮ. ಇದ್ದಿಲಿನ ಕಾರ್ಟ್ರಿಜ್ ಸೋತರೂ ವಾಸನೆಯಿಂದ ತಿಳಿಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖಕವಚ ಇಲ್ಲದವರು ಪ್ರೈಮರ್, ಬಣ್ಣ ಯಾವುದಕ್ಕೂ ಐಸೋಸಯನೇಟ್ ಇರುವ ಟೂಕೆ ಮುಟ್ಟದೆ, ಹಾರ್ಡನರ್ ಬೇಡದ ಒನ್‌ಕೆಯಲ್ಲೇ (1K) ಮುಗಿಸುವುದು ಅಥವಾ ಆ ಹಂತವನ್ನು ಬಣ್ಣ ಹೊಡೆಯುವ ಬೂತ್ ಇರುವವರಿಗೆ ಒಪ್ಪಿಸುವುದು ಸರಿ.

ಕೆಲಸ ನಡುವೆ ನಿಲ್ಲಿಸಲೇಬೇಕಾದರೆ ಎಪಾಕ್ಸಿಯ ಹಂತದಲ್ಲಿ, ನೆರಳಲ್ಲಿ ನಿಲ್ಲಿಸಿ. ಬಿಸಿಲಿಗೆ ಅದೂ ಪುಡಿಯೇಳುತ್ತದೆ. ಡಬ್ಬಿ ಹೇಳಿದ ಅವಧಿ ಮೀರಿದ್ದರೆ ಉಜ್ಜಿಯೇ ಮುಂದಿನ ಕೋಟು. ಬೂದು ಪ್ರೈಮರಿನಲ್ಲೇ ಮಳೆಗಾಲ ಕಳೆದ ಕಾರಿದ್ದರೆ ಮೇಲೆ ಬಣ್ಣ ಎಳೆಯಬೇಡಿ. ಚುಕ್ಕೆ ಕಾಣದ ಕಡೆಯೂ ಒಂದು ಅಂಗೈಯಗಲ ಲೋಹದವರೆಗೆ ಕೆರೆದು ನೋಡಿ. ಅಲ್ಲಿ ಕಿತ್ತಳೆ ಮಸುಕು ಕಂಡರೆ ಇಡೀ ಭಾಗವನ್ನು 80ರ ಕಾಗದದಿಂದ ಶುರುಮಾಡಬೇಕು.